ಆ ಗೊಂಬೆಯ ಬಣ್ಣ

2014ರ ನವೆಂಬರ್. ‘ಕಸ್ತೂರಿ ನಿವಾಸ’ ಬಣ್ಣದಲ್ಲಿ ಬಂದಿದೆ ಅಂತ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. 1971ರಲ್ಲಿ ಅದು ಮೊದಲ ಸಲ ಬಂದಾಗ ಅಪ್ಪ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದರು. ನಾಲ್ಕು ಸಲ ನೋಡಿದ್ದರಂತೆ, ನಾಲ್ಕೂ ಸಲ ಗಾಂಧಿ ಕ್ಲಾಸಿನಲ್ಲಿ.

ಥಿಯೇಟರ್ ತುಂಬಿತ್ತು. ರಾಜ್‌ಕುಮಾರ್ ತೆರೆ ಮೇಲೆ ಬಂದಾಗ ಶಿಳ್ಳೆ, ಚಪ್ಪಾಳೆ. ಬೀಳಿಸಿದರೂ ಎದ್ದು ನಿಲ್ಲುವ ಆ ಗೊಂಬೆ ಮುಂದಿಟ್ಟುಕೊಂಡು ಹಾಡುವ ಜಾಗ ಬಂತು. ಸುತ್ತ ಇದ್ದವರೆಲ್ಲ ಜೊತೆಗೆ ಹಾಡುತ್ತಿದ್ದರು. ಅಪ್ಪ ಮಾತ್ರ ಹಾಡಲಿಲ್ಲ, ಸ್ವಲ್ಪ ಮುಂದಕ್ಕೆ ಬಾಗಿ ನೋಡುತ್ತಾ ಕೂತಿದ್ದರು.

ಹೊರಗೆ ಬಂದು ಕಾಫಿ ಕುಡಿಯುವಾಗ ಹೇಳಿದರು. “ನಾನು ಅಂದ್ಕೊಂಡಿದ್ದ ಬಣ್ಣ ಅದಲ್ಲ ಕಣೋ.”

“ಯಾವುದರದ್ದು?”

“ಆ ಗೊಂಬೇದು.”

ಕಪ್ಪು ಬಿಳುಪಿನಲ್ಲಿ ನೋಡಿದ ಗೊಂಬೆಗೆ ಅಪ್ಪನ ತಲೆಯಲ್ಲಿ ನಲವತ್ತಮೂರು ವರ್ಷದಿಂದ ಒಂದು ಬಣ್ಣ ಇತ್ತು. ಅದು ಅವರಿಗೇ ಗೊತ್ತಿರಲಿಲ್ಲ. ಬೇರೆ ಬಣ್ಣ ಕಣ್ಣಿಗೆ ಬಿದ್ದಾಗಲೇ ಗೊತ್ತಾಗಿದ್ದು. ಯಾವ ಬಣ್ಣ ಅಂದ್ಕೊಂಡಿದ್ರಿ ಅಂತ ಕೇಳಿದೆ. ಲೋಟ ಕೆಳಗಿಟ್ಟು, “ಹೇಳಿದ್ರೆ ನಿನಗೂ ಅದೇ ಕಾಣುತ್ತೆ, ಬೇಡ ಬಿಡು” ಅಂದರು.

ಸಿನಿಮಾ ಮಾಡಿದವರು ತಮ್ಮ ಹಳೆಯ ಸಿನಿಮಾವನ್ನು ಎಷ್ಟೋ ವರ್ಷದ ಮೇಲೆ ತಿದ್ದುವ ವಿಷಯ ಯಾರಾದರೂ ತೆಗೆದರೆ ನನಗೆ ಮೊದಲು ನೆನಪಾಗುವುದು ಈ ಮಾತು. ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿದ್ದು ಅದನ್ನು ನಿರ್ದೇಶಿಸಿದವರು ಮನಸ್ಸು ಬದಲಾಯಿಸಿದ್ದಕ್ಕಲ್ಲ. ದೊರೈ-ಭಗವಾನ್ ಜೋಡಿಯಲ್ಲಿ ದೊರೈ ಅವರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ರಾಜ್‌ಕುಮಾರ್ ಹೋಗಿ ಎಂಟು ವರ್ಷ ಆಗಿತ್ತು. ಬಣ್ಣ ಹಾಕಿದವರು ಪ್ರೀತಿಯಿಂದಲೇ ಹಾಕಿದರು. ಹೊಸ ಹುಡುಗರು ಥಿಯೇಟರಿಗೆ ಬಂದರು. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಆದರೆ ತೀರಿಹೋದವರ ಕೆಲಸದ ಮೇಲೆ ಬದುಕಿದ್ದವರು ಕೈಯಾಡಿಸುವಾಗ ಬೇಡ ಅನ್ನಲು ಯಾರಿರುತ್ತಾರೆ? ಈ ಪ್ರಶ್ನೆ ಅವತ್ತಿನಿಂದ ನನ್ನ ಜೊತೆ ಉಳಿದುಕೊಂಡಿದೆ.

ಇದೇ ಪ್ರಶ್ನೆಯನ್ನು 1988ರ ಮಾರ್ಚ್‌ನಲ್ಲಿ ಒಬ್ಬರು ಅಮೆರಿಕದ ಸಂಸತ್ತಿನ ಮುಂದೆ ಕೂತು ಕೇಳಿದ್ದರು. ಆಗ ಅಲ್ಲಿ ಟೆಡ್ ಟರ್ನರ್ ಎಂಬ ಟಿವಿ ಉದ್ಯಮಿ ಹಾಲಿವುಡ್‌ನ ಹಳೆಯ ಕಪ್ಪು ಬಿಳುಪು ಚಿತ್ರಗಳ ಹಕ್ಕು ಕೊಂಡು ಅವಕ್ಕೆ ಬಣ್ಣ ಹಾಕಿಸುತ್ತಿದ್ದರು. ದೊಡ್ಡ ಗಲಾಟೆ ಎದ್ದಿತ್ತು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಬಂದು ಮಾತಾಡಿದರು. ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲ್ಯೂಕಾಸ್ ಕೂಡ ಮಾತಾಡಿದರು. ಲ್ಯೂಕಾಸ್ ಮಾತು ತುಂಬಾ ಗಟ್ಟಿಯಾಗಿತ್ತು. ದುಡ್ಡಿಗಾಗಿ, ಇಲ್ಲವೇ ಅಧಿಕಾರ ತೋರಿಸಲು ಕಲಾಕೃತಿಗಳನ್ನು ಬದಲಾಯಿಸುವವರು, ಹಾಳು ಮಾಡುವವರು ಅನಾಗರಿಕರು ಅಂದರು. ಮುಂದೆ ಬರುವ ತಂತ್ರಜ್ಞಾನದಲ್ಲಿ ನಟರ ಮುಖ ತೆಗೆದು ಹೊಸ ಮುಖ ಕೂರಿಸಬಹುದು, ಮಾತು ಬದಲಿಸಿ ತುಟಿಯ ಚಲನೆಯನ್ನೂ ಬದಲಿಸಬಹುದು ಎಂದು ಎಚ್ಚರಿಸಿದರು. ಹಳೆಯ ನೆಗೆಟಿವ್‌ಗಳು ಕಳೆದುಹೋಗಿ ಅವುಗಳ ಜಾಗಕ್ಕೆ ತಿದ್ದಿದ ನೆಗೆಟಿವ್ ಬರುವುದು ಸುಲಭವಾಗುತ್ತದೆ, ಅದು ಸಮಾಜಕ್ಕೆ ದೊಡ್ಡ ನಷ್ಟ ಅಂತಲೂ ಹೇಳಿದರು.

ಆ ಭಾಷಣ ಓದಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುತ್ತದೆ. ಆಮೇಲೆ ಏನಾಯಿತು ಅಂತ ನೆನಪಾದರೆ ಬೇಜಾರಾಗುತ್ತದೆ.

1997ರಲ್ಲಿ ಲ್ಯೂಕಾಸ್ ತಮ್ಮ ಮೂರು ‘ಸ್ಟಾರ್ ವಾರ್ಸ್’ ಚಿತ್ರಗಳನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ಮೊದಲನೆಯದಕ್ಕೆ ಆಗ ಇಪ್ಪತ್ತು ವರ್ಷ. ಅದನ್ನು ಮಾಡುವಾಗ ಕೈಯಲ್ಲಿ ಸುಮಾರು 1.1 ಕೋಟಿ ಡಾಲರ್ ಮಾತ್ರ ಇತ್ತು, ಅಂದುಕೊಂಡಿದ್ದರಲ್ಲಿ ಎಷ್ಟೋ ಮಾಡಲು ಆಗಿರಲಿಲ್ಲ. ಈಗ ಕಂಪ್ಯೂಟರ್ ಇತ್ತು, ದುಡ್ಡೂ ಇತ್ತು. ಖಾಲಿ ಬೀದಿಗಳಿಗೆ ಪ್ರಾಣಿಗಳನ್ನು ತುಂಬಿದರು. ಆಕಾಶನೌಕೆಗಳ ಯುದ್ಧಕ್ಕೆ ಹೊಸ ಶಾಟ್‌ ಹಾಕಿದರು. ಇಷ್ಟೇ ಆಗಿದ್ದರೆ ಸುಣ್ಣಬಣ್ಣ ಮಾಡಿಸಿದ ಹಾಗೆ ಅಂತ ಸುಮ್ಮನಿರಬಹುದಿತ್ತು. ಆದರೆ ಒಂದು ಹೆಂಡದಂಗಡಿಯ ದೃಶ್ಯವಿದೆ. ಹಾನ್ ಸೋಲೋ ಎಂಬ ಕಳ್ಳಸಾಗಣೆದಾರನ ಎದುರು ಬಂದೂಕು ಹಿಡಿದು ಒಬ್ಬ ಬಾಡಿಗೆ ಬೇಟೆಗಾರ ಕೂತಿದ್ದಾನೆ. 1977ರಲ್ಲಿ ಹಾನ್ ಮೇಜಿನ ಕೆಳಗಿಂದ ಸದ್ದಿಲ್ಲದೆ ಬಂದೂಕು ತೆಗೆದು ಅವನನ್ನು ಕೊಲ್ಲುತ್ತಾನೆ. 1997ರಲ್ಲಿ ಎದುರಿನವನು ಮೊದಲು ಗುಂಡು ಹಾರಿಸುತ್ತಾನೆ, ಆಮೇಲೆ ಹಾನ್. 2004ರಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಹಾರಿಸುತ್ತಾರೆ. ತನ್ನ ಜೀವ ಬಿಟ್ಟರೆ ಬೇರೇನೂ ಬೇಡ ಅನ್ನುವ ಮನುಷ್ಯ ಕಥೆಯ ಕೊನೆಯಲ್ಲಿ ಗೆಳೆಯರಿಗಾಗಿ ವಾಪಸ್ ಬರುತ್ತಾನಲ್ಲ, ಆ ಬದಲಾವಣೆಯ ತೂಕ ಇರುವುದೇ ಮೊದಲು ಅವನು ಎಂಥವನಾಗಿದ್ದ ಅನ್ನುವುದರಲ್ಲಿ. ಅವನನ್ನು ಮೊದಲಿಂದಲೇ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ಅವನು ವಾಪಸ್ ಬಂದಿದ್ದರಲ್ಲಿ ಏನು ದೊಡ್ಡದು?

ಇದಕ್ಕಿಂತ ನನಗೆ ಜಾಸ್ತಿ ನೋವಾಗಿದ್ದು ಮೂರನೇ ಚಿತ್ರದ ಕೊನೆಯ ದೃಶ್ಯದ ಬಗ್ಗೆ. 1983ರ ಆ ಚಿತ್ರವನ್ನು ನಿರ್ದೇಶಿಸಿದವರು ಲ್ಯೂಕಾಸ್ ಅಲ್ಲ, ರಿಚರ್ಡ್ ಮಾರ್ಕ್ವಾಂಡ್. ಅವರು 1987ರಲ್ಲಿ ತೀರಿಕೊಂಡರು. ಕೊನೆಯಲ್ಲಿ ಸತ್ತ ತಂದೆ ಬೆಳಕಿನ ರೂಪದಲ್ಲಿ ಮಗನಿಗೆ ಕಾಣಿಸಿಕೊಳ್ಳುತ್ತಾನೆ. ಆ ತಂದೆಯಾಗಿ ನಿಂತಿದ್ದವರು ಸೆಬಾಸ್ಟಿಯನ್ ಶಾ ಎಂಬ ಹಿರಿಯ ನಟ. ಅವರು 1994ರಲ್ಲಿ ಹೋದರು. 2004ರ ಡಿವಿಡಿಯಲ್ಲಿ ಶಾ ಅವರನ್ನು ಆ ಜಾಗದಿಂದ ತೆಗೆದು, ಹೊಸ ಚಿತ್ರಗಳಲ್ಲಿ ಅದೇ ಪಾತ್ರ ಮಾಡುತ್ತಿದ್ದ ಹೇಡನ್ ಕ್ರಿಸ್ಟೆನ್ಸನ್ ಎಂಬ ಯುವಕನನ್ನು ನಿಲ್ಲಿಸಿದರು. ನಿರ್ದೇಶಕ ಇಲ್ಲ, ನಟ ಇಲ್ಲ, ಮುಖ ಬದಲು. ಹದಿನಾರು ವರ್ಷದ ಹಿಂದೆ ಸಂಸತ್ತಿನಲ್ಲಿ ಯಾವುದಕ್ಕೆ ಹೆದರಿದ್ದರೋ ಅದನ್ನೇ ಮಾಡಿದ ಹಾಗಾಯಿತು.

ಲ್ಯೂಕಾಸ್ ತಮ್ಮ ಕಡೆಯ ಮಾತನ್ನು ಮುಚ್ಚಿಡದೆ ಹೇಳಿದ್ದಾರೆ. ನೀವು ಮೊದಲು ನೋಡಿದ್ದು ಅರ್ಧ ಮುಗಿದ ಸಿನಿಮಾ, ಅದನ್ನೇ ಪ್ರೀತಿಸಿಬಿಟ್ಟಿರಿ, ಕ್ಷಮಿಸಿ, ನನಗೆ ಅದು ನಾನು ಅಂದುಕೊಂಡ ಹಾಗೇ ಇರಬೇಕು ಎಂಬ ಅರ್ಥದಲ್ಲಿ. ಈ ಮಾತಿನ ಸಂಕಟ ನನಗೆ ಅರ್ಥವಾಗುತ್ತದೆ. ಒಂದು ಕಥೆ ಬರೆದು ಮುಗಿಸಿದವರಿಗೆ, ಒಂದು ಮನೆ ಕಟ್ಟಿದವರಿಗೆ ಕೂಡ ಅರ್ಥವಾಗುತ್ತದೆ. ಗೋಡೆ ಎರಡಡಿ ಆಚೆ ಇರಬೇಕಿತ್ತು ಅನ್ನುವುದು ಸಾಯುವವರೆಗೂ ಕಾಡುತ್ತದೆ.

ಆದರೆ ಯಾರ ಸಿನಿಮಾ ಅದು? 1977ರ ಆ ಚಿತ್ರದ ಸಂಕಲನಕ್ಕೆ ಮೂವರಿಗೆ ಆಸ್ಕರ್ ಬಂತು: ಪಾಲ್ ಹರ್ಷ್, ಮಾರ್ಸಿಯಾ ಲ್ಯೂಕಾಸ್, ರಿಚರ್ಡ್ ಚ್ಯೂ. ವಿಶುವಲ್ ಎಫೆಕ್ಟ್ಸ್‌ಗೂ ಬಂತು. ಮರ, ಪ್ಲಾಸ್ಟಿಕ್ ಅಂಟಿಸಿ ನೌಕೆಗಳ ಮಾದರಿ ಮಾಡಿ, ರಾತ್ರಿ ಹಗಲು ಕೂತು ಒಂದೊಂದೇ ಫ್ರೇಮ್ ತೆಗೆದವರ ಕೆಲಸ ಅದು. ತಿದ್ದಿದ ಪ್ರತಿಯಲ್ಲಿ ಆ ಶಾಟ್‌ಗಳಲ್ಲಿ ಎಷ್ಟೋ ಇಲ್ಲ. ಹೊಸ ಶಾಟ್‌ಗಳನ್ನು ಮೂಲ ನೆಗೆಟಿವ್‌ನಲ್ಲೇ ಸೇರಿಸಿದ್ದರಿಂದ ಹಳೆಯ ರೂಪ ನೋಡುವುದೇ ಕಷ್ಟವಾಯಿತು. ಅಭಿಮಾನಿಗಳು ಹಳೆಯ ಪ್ರಿಂಟ್‌ಗಳನ್ನು ಹುಡುಕಿ, ಮನೆಯಲ್ಲೇ ಸ್ಕ್ಯಾನ್ ಮಾಡಿ, ಫ್ರೇಮ್ ಫ್ರೇಮ್ ಒರೆಸಿ ಜೋಡಿಸಿದರು. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಶೀತಲ ಉಗ್ರಾಣದಲ್ಲಿ ಕಾಪಾಡಿದ್ದ 1977ರ ಪ್ರಿಂಟನ್ನೇ ಹೊರತೆಗೆದು ತೋರಿಸಿದಾಗ ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಒಂದು ಸಿನಿಮಾವನ್ನು ಅದು ಬಿಡುಗಡೆಯಾದ ರೂಪದಲ್ಲೇ ತೋರಿಸುವುದು ಸುದ್ದಿ ಆಗಬೇಕಾಗಿ ಬಂತು.

ನನಗೆ ಕಾಡುವುದು ಇನ್ನೊಬ್ಬರು. 1977ರಲ್ಲಿ ಲ್ಯೂಕಾಸ್‌ಗೆ 33 ವರ್ಷ. ಅವರು ಅಂಥ ದೊಡ್ಡ ಮನುಷ್ಯ ಆಗಿರಲಿಲ್ಲ. ಸ್ಟುಡಿಯೋಗೆ ಹೆದರುತ್ತಿದ್ದರು, ಗಡುವಿಗೆ ಓಡುತ್ತಿದ್ದರು, ಹಾನ್ ಮೊದಲು ಗುಂಡು ಹಾರಿಸಲಿ ಅಂತ ತೀರ್ಮಾನ ಮಾಡಿದ್ದರು. 52 ವರ್ಷದ ಲ್ಯೂಕಾಸ್ ಅದನ್ನು ಅಳಿಸುವಾಗ ಆ 33ರ ಯುವಕ ಎಲ್ಲಿದ್ದ? ಸತ್ತ ನಿರ್ದೇಶಕರ ಪರವಾಗಿ ಮಾತಾಡಲು 1988ರಲ್ಲಿ ಲ್ಯೂಕಾಸ್ ಬಂದರು. ಆ ಯುವಕನ ಪರವಾಗಿ ಬರುವವರು ಯಾರೂ ಇರಲಿಲ್ಲ. ದೊಡ್ಡವನಾದ ಮೇಲೆ ನಾವು ಅದೇ ಹೆಸರು ಇಟ್ಟುಕೊಂಡಿರುತ್ತೇವೆ, ಅದೇ ಸಹಿ ಹಾಕುತ್ತೇವೆ. ಅದಕ್ಕೇ ಅವನ ಆಸ್ತಿಗೆಲ್ಲ ನಾವೇ ವಾರಸುದಾರರು ಅಂದುಕೊಳ್ಳುತ್ತೇವೆ.

ಇನ್ನು 1977ರಲ್ಲೇ ಬಂದ ಇನ್ನೊಂದು ಸಿನಿಮಾ.

‘ಘಟಶ್ರಾದ್ಧ’ವನ್ನು ನಾನು ಮೊದಲು ನೋಡಿದ್ದು ಹೆಗ್ಗೋಡಿನಲ್ಲಿ, ಒಂದು ಶಿಬಿರದಲ್ಲಿ. ಪ್ರಿಂಟ್ ಹಳೆಯದು. ತೆರೆ ತುಂಬ ಗೆರೆ, ಮಲೆನಾಡಿನ ಕಥೆಗೆ ಮಳೆ ಹಿಡಿದ ಹಾಗೆ. ಮಾತು ಅಲ್ಲಲ್ಲಿ ಒಡೆಯುತ್ತಿತ್ತು. ಆದರೂ ಕೊನೆಯ ದೃಶ್ಯ ಬಂದಾಗ ಯಾರೂ ಅಲುಗಾಡಲಿಲ್ಲ. ವೇದ ಕಲಿಯಲು ಬಂದಿದ್ದ ಪುಟ್ಟ ಹುಡುಗ ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುತ್ತಿದ್ದಾನೆ. ಅವನಿಗೆ ಅಮ್ಮನ ಹಾಗೆ ಇದ್ದ ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿದ್ದಾಳೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿದ್ದಾರೆ. ಹುಡುಗ ತಿರುಗಿ ನೋಡುತ್ತಾನೆ. ಅಷ್ಟೆ. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ. ಗಿರೀಶ್ ಕಾಸರವಳ್ಳಿ ಅವರಿಗೆ ಇದು ಮೊದಲ ಕಥಾಚಿತ್ರ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ ಹೊರಬಂದು ಎರಡು ವರ್ಷ ಆಗಿತ್ತು. ಆ ವರ್ಷದ ಸ್ವರ್ಣಕಮಲ ಇದಕ್ಕೇ ಬಂತು.

2024ರಲ್ಲಿ ಆ ಚಿತ್ರದ ಜೀರ್ಣೋದ್ಧಾರ ಆಯಿತು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್, ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇಟಲಿಯ ಬೊಲೊನ್ಯಾ ಊರಿನ ಲ್ಯಾಬ್‌ನಲ್ಲಿ ಮಾಡಿಸಿದರು. ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಿರ್ಮಾಪಕ ಸದಾನಂದ ಸುವರ್ಣ ಅವರು ಅದಕ್ಕೆ ಸ್ವಲ್ಪ ಮೊದಲು, ಜುಲೈನಲ್ಲಿ, ತೀರಿಕೊಂಡಿದ್ದರು. ಆ ಕೆಲಸಕ್ಕೆ ದುಡ್ಡು ಕೊಟ್ಟವರ ಹೆಸರು ಓದಿದಾಗ ನಾನು ಎರಡು ಸಲ ನೋಡಿದೆ. ಹಾಬ್ಸನ್-ಲ್ಯೂಕಾಸ್ ಫ್ಯಾಮಿಲಿ ಫೌಂಡೇಶನ್. ಅದೇ ಜಾರ್ಜ್ ಲ್ಯೂಕಾಸ್ ಮತ್ತು ಅವರ ಹೆಂಡತಿ ಮೆಲೊಡಿ ಹಾಬ್ಸನ್.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಅದೇ ವರ್ಷ ಮಾಡಿದ ಕಪ್ಪು ಬಿಳುಪಿನ ಸಿನಿಮಾ, ಹೇಗಿತ್ತೋ ಹಾಗೇ ಉಳಿಯಲಿ ಅಂತ ಅವರ ದುಡ್ಡು ಇಲ್ಲಿವರೆಗೆ ಬಂತು. ನನಗೆ ಇದರಲ್ಲಿ ತುಂಬಾ ಸಂತೋಷ ಇದೆ. 1988ರ ಮಾತು ಸುಳ್ಳಾಗಿರಲಿಲ್ಲ, ಅವರು ಅದನ್ನು ಮರೆತೂ ಇರಲಿಲ್ಲ. ಬೇರೆಯವರ ಸಿನಿಮಾ ವಿಷಯದಲ್ಲಿ ಅವರಿಗೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ತಮ್ಮದು ಬಂದಾಗ ಮಾತ್ರ ಕೈ ತಡೆಯುವುದಿಲ್ಲ. ನಮಗೆಲ್ಲ ಹಾಗೇ ಅಲ್ವಾ?

ನನಗಂತೂ ಹಾಗೇ ಆಯಿತು. ಅದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

2008ರಲ್ಲಿ, ನನಗೆ 22 ಇದ್ದಾಗ, ಊರಲ್ಲಿ ಹನ್ನೊಂದು ನಿಮಿಷದ ಒಂದು ಸಿನಿಮಾ ಮಾಡಿದ್ದೆ. ಗೆಳೆಯನ ಅಣ್ಣನ ಹ್ಯಾಂಡಿಕ್ಯಾಮ್, ಎರಡು ಟೇಪು. ನಮ್ಮ ಕೇರಿಯ ಟೈಲರ್ ಮಾವನೇ ನಾಯಕ. ಕಥೆ ಇಷ್ಟೆ: ಮಗ ಮನೆ ಬಿಟ್ಟು ಹೋಗಿದ್ದಾನೆ, ಅಪ್ಪ ಅವನಿಗೆ ಅಂಗಿ ಹೊಲಿಯುತ್ತಾ ಕೂತಿದ್ದಾನೆ, ಹೊಲಿಯುತ್ತಾ ಇಲ್ಲದ ಮಗನ ಹತ್ತಿರ ಮಾತಾಡುತ್ತಾನೆ. ಮಾವ ಯಾವತ್ತೂ ನಟನೆ ಮಾಡಿದವರಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಡಿ ಬಾಗಿಲು ಅರ್ಧ ಎಳೆದು ನಮಗಾಗಿ ಎರಡು ದಿನ ಕೂತರು.

ಆಮೇಲೆ ನಾನು ಬೆಂಗಳೂರಿಗೆ ಬಂದೆ. ಜಾಹೀರಾತು, ಕಾರ್ಪೊರೇಟ್ ವಿಡಿಯೋ ಎಡಿಟ್ ಮಾಡುವುದೇ ಹೊಟ್ಟೆಪಾಡಾಯಿತು. ಕೈ ಪಳಗಿತು. 2021ರಲ್ಲಿ, ಕೆಲಸ ಕಡಿಮೆ ಇದ್ದ ಒಂದು ತಿಂಗಳು, ಆ ಹಳೆಯ ಸಿನಿಮಾ ತೆಗೆದು ನೋಡಿದೆ. ನೋಡಲು ಆಗಲಿಲ್ಲ. ಶಾಟ್‌ಗಳು ಉದ್ದ, ಮಾತು ಜಾಸ್ತಿ, ಒಂದು ಕಡೆಯಂತೂ ಮಾವ ಮಾತು ತಪ್ಪುತ್ತಾರೆ. ಕೂತು ಕತ್ತರಿಸಿದೆ. ಹನ್ನೊಂದು ನಿಮಿಷ ಆರಾಯಿತು. ಮಾತಿನ ಜಾಗಕ್ಕೆ ಕೊಳಲು ಹಾಕಿದೆ. ಬಣ್ಣ ತಿದ್ದಿದೆ. ಹೊಸದನ್ನು ಯೂಟ್ಯೂಬ್‌ಗೆ ಹಾಕಿ ಹಳೆಯದನ್ನು ಅಳಿಸಿದೆ. ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದರು. ನನಗೂ ಹಾಗೇ ಅನಿಸಿತು.

ಮೊದಲ ಸಿನಿಮಾ ಅಂದರೆ ನಾಚಿಕೆ ಪಡುವುದು ದೊಡ್ಡವರಲ್ಲೂ ಇದೆ. ಸ್ಟ್ಯಾನ್ಲಿ ಕುಬ್ರಿಕ್ ಅವರದ್ದು ಎಲ್ಲಕ್ಕಿಂತ ಖಾರವಾದ ಉದಾಹರಣೆ. 1953ರಲ್ಲಿ ಅವರ ಮೊದಲ ಕಥಾಚಿತ್ರ ‘ಫಿಯರ್ ಅಂಡ್ ಡಿಸೈರ್’ ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾದಾಗ ಅವರಿಗೆ 24. ಔಷಧಿ ಅಂಗಡಿಗಳನ್ನು ಇಟ್ಟಿದ್ದ ತಾಯಿ ಕಡೆಯ ಬಂಧು ಒಬ್ಬರು ದುಡ್ಡು ಹಾಕಿದ್ದರು. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬೆರಳೆಣಿಕೆಯ ಜನ ಸೇರಿ ಶೂಟಿಂಗ್ ಮಾಡಿದರು. ಕ್ಯಾಮೆರಾ ಹಿಡಿದವರೂ, ಸಂಕಲನ ಮಾಡಿದವರೂ ಕುಬ್ರಿಕ್ಕೇ. ಹೆಸರು ಬಂದ ಮೇಲೆ ಅವರು ಆ ಸಿನಿಮಾ ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಂಡರು. 1994ರಲ್ಲಿ ನ್ಯೂಯಾರ್ಕ್‌ನ ಒಂದು ಥಿಯೇಟರ್ ಅದನ್ನು ತೋರಿಸಲು ಹೊರಟಾಗ, ಇದು ತಡವರಿಸುವ ಅಮೆಚೂರ್ ಪ್ರಯತ್ನ ಅಂತ ಕುಬ್ರಿಕ್ ಭಾವಿಸುತ್ತಾರೆ ಎಂದು ವಾರ್ನರ್ ಬ್ರದರ್ಸ್ ಮೂಲಕ ಪತ್ರಕರ್ತರಿಗೆ ತಿಳಿಸಲಾಯಿತು. ಆದರೂ ರಾಚೆಸ್ಟರ್‌ನ ಈಸ್ಟ್‌ಮನ್ ಮ್ಯೂಸಿಯಂನಲ್ಲಿ ಒಂದು ಪ್ರಿಂಟ್ ಉಳಿದಿತ್ತು. 2012ರ ಹೊತ್ತಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಜೀರ್ಣೋದ್ಧಾರ ಮಾಡಿದ ಪ್ರತಿ ಎಲ್ಲರಿಗೂ ಸಿಕ್ಕಿತು. ಕುಬ್ರಿಕ್ 1999ರಲ್ಲೇ ಹೋಗಿದ್ದರು.

ನಾನು ನೋಡಿದ್ದೇನೆ. ಮಾತುಗಳು ಭಾರ, ನಿಜ. ಪಾತ್ರಗಳು ಬದುಕುವುದಕ್ಕಿಂತ ಜಾಸ್ತಿ ತತ್ವ ಹೇಳುತ್ತವೆ. ಆದರೆ ಶತ್ರು ಸೈನಿಕರು ಊಟಕ್ಕೆ ಕೂತಿರುವಾಗ ಇವರು ನುಗ್ಗಿ ಕೊಲ್ಲುವ ಒಂದು ದೃಶ್ಯ ಇದೆ. ಚೂರಿ ಇಳಿಯುವುದನ್ನು ತೋರಿಸುವುದಿಲ್ಲ. ಸಾಯುವವನ ಕೈ ತಟ್ಟೆಯ ಊಟವನ್ನು ಹಿಂಡುವುದನ್ನು ತೋರಿಸುತ್ತಾರೆ. ಕೊನೆಗೆ ಇವರು ಕೊಲ್ಲುವ ಶತ್ರು ಅಧಿಕಾರಿಗೆ ಇವರದ್ದೇ ಅಧಿಕಾರಿಯ ಮುಖ, ಒಬ್ಬನೇ ನಟ ಎರಡೂ ಪಾತ್ರ. ಅಷ್ಟು ಎಳೆಯ ಹುಡುಗನಿಗೆ ಹೊಳೆದಿದ್ದು ಇದು. ಮುಂದೆ ಕುಬ್ರಿಕ್ ಯುದ್ಧದ ಬಗ್ಗೆ ಎಷ್ಟೋ ಒಳ್ಳೆಯ ಸಿನಿಮಾ ಮಾಡಿದರು. ಆದರೆ ಆ ಹಿಂಡಿದ ಕೈ ನನ್ನ ಕಣ್ಣಿಂದ ಹೋಗಿಲ್ಲ. ಅವರ ಮಾತು ಕೇಳಿ ಆ ಮ್ಯೂಸಿಯಂನವರು ಪ್ರಿಂಟ್ ವಾಪಸ್ ಕೊಟ್ಟಿದ್ದರೆ?

ತಿದ್ದಿದವರೆಲ್ಲ ಒಂದೇ ಥರ ಅಲ್ಲ. ಚಾಪ್ಲಿನ್ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. 1925ರ ‘ದಿ ಗೋಲ್ಡ್ ರಶ್’ ಮೂಕಿ ಚಿತ್ರವನ್ನು ಅವರು 1942ರಲ್ಲಿ ಮತ್ತೆ ಕತ್ತರಿಸಿದರು. ಮಧ್ಯೆ ಬರುವ ಬರಹದ ಹಲಗೆಗಳನ್ನು ತೆಗೆದು ತಮ್ಮ ದನಿಯಲ್ಲೇ ಕಥೆ ಹೇಳಿದರು. ಕೊನೆಯ ಮುತ್ತಿನ ದೃಶ್ಯವನ್ನು ತೆಗೆದರು. ಇದೇ ನನ್ನ ಸಿನಿಮಾ ಅಂದರು. ಹಳೆಯದನ್ನು ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ ಎಂಬಿಬ್ಬರು ಚೂರು ಚೂರು ಹುಡುಕಿ 1993ರಲ್ಲಿ ಮತ್ತೆ ಕಟ್ಟಿದರು. ಮುತ್ತು ವಾಪಸ್ ಬಂತು. ಚಿನ್ನ ಹುಡುಕುತ್ತಾ ಹಸಿದು ಬೂಟು ಬೇಯಿಸಿ ತಿಂದವನಿಗೆ ಕೊನೆಗೆ ಆ ಮುತ್ತು ಸಿಗಬೇಕು ಅಂತ ನನ್ನಾಸೆ.

ಅದೇ ಚಾಪ್ಲಿನ್ ‘ದಿ ಸರ್ಕಸ್’ಗೆ ಮಾಡಿದ್ದು ಬೇರೆ. 1928ರ ಆ ಚಿತ್ರ ತಯಾರಾಗುವಾಗ ಸ್ಟುಡಿಯೋಗೆ ಬೆಂಕಿ ಬಿತ್ತು, ಮದುವೆ ಮುರಿದು ಕೋರ್ಟು ಕಚೇರಿ ಆಯಿತು. ಆ ದಿನಗಳನ್ನು ನೆನೆಸಿಕೊಳ್ಳಲೇ ಅವರಿಗೆ ಇಷ್ಟ ಇರಲಿಲ್ಲ. ಆದರೆ ಎಂಬತ್ತರ ಹೊಸ್ತಿಲಲ್ಲಿ ಆ ಸಿನಿಮಾವನ್ನು ಮತ್ತೆ ಎತ್ತಿಕೊಂಡು ಹೊಸ ಸಂಗೀತ ಕಟ್ಟಿದರು. ಮೊದಲಿಗೆ ಒಂದು ಹಾಡು ಸೇರಿಸಿದರು, ತಾವೇ ಹಾಡಿದರು. ಉಯ್ಯಾಲೆ ಮೇಲೆ ಕೂತ ಹುಡುಗಿಯ ಚಿತ್ರದ ಮೇಲೆ ಆ ವಯಸ್ಸಾದ ದನಿ ಸಣ್ಣಗೆ ನಡುಗುತ್ತಾ ಬರುತ್ತದೆ. ಅದನ್ನು ಕೇಳುವಾಗ ಹಿರಿಯರು ಮೊಮ್ಮಗುವಿನ ತಲೆ ನೇವರಿಸಿದ ಹಾಗನಿಸುತ್ತದೆ. ಹಳೆಯ ಹುಡುಗನ ಪಕ್ಕದಲ್ಲಿ ಬಂದು ಕೂರುವುದು ಇದು. ಅವನನ್ನು ಎಬ್ಬಿಸಿ ಕಳಿಸುವುದಲ್ಲ.

ಪೋಲೆಂಡಿನ ನಿರ್ದೇಶಕ ಕೀಸ್ಲೋವ್‌ಸ್ಕಿ ಅವರದ್ದು ಮತ್ತೂ ಬೇರೆ. ಒಬ್ಬ ರಾತ್ರಿ ಕಾವಲುಗಾರನ ಬಗ್ಗೆ ಅವರು ಒಂದು ಕಿರು ಸಾಕ್ಷ್ಯಚಿತ್ರ ಮಾಡಿದ್ದರು. ಆ ಮನುಷ್ಯ ಕ್ಯಾಮೆರಾ ಮುಂದೆ ಕಟ್ಟುನಿಟ್ಟು, ಶಿಕ್ಷೆ ಅಂತೆಲ್ಲ ಭಯಂಕರ ಮಾತಾಡುತ್ತಾನೆ. ಟಿವಿಯಲ್ಲಿ ಅದನ್ನು ತೋರಿಸುವುದು ಬೇಡ ಅಂತ ಕೀಸ್ಲೋವ್‌ಸ್ಕಿ ಹಟ ಹಿಡಿದರು. ಅವರಿಗೆ ಸಿನಿಮಾ ಬಗ್ಗೆ ನಾಚಿಕೆ ಇರಲಿಲ್ಲ. ಅಕ್ಕಪಕ್ಕದವರು ಆ ಮನುಷ್ಯನನ್ನು ಆಡಿಕೊಳ್ಳುತ್ತಾರೆ, ಅವನಿಗೆ ತೊಂದರೆಯಾಗುತ್ತದೆ ಎಂಬ ಕಾಳಜಿ ಇತ್ತು. ಈ ಥರದ ಹಿಂದೆಗೆತಕ್ಕೆ ನಾನು ಕೈಮುಗಿಯುತ್ತೇನೆ. ಅಲ್ಲಿ ಯೋಚನೆ ಇದ್ದದ್ದು ತೆರೆ ಮೇಲಿನ ಮನುಷ್ಯನದು.

ಸ್ಪೀಲ್‌ಬರ್ಗ್ ಅವರದ್ದು ಹೋಗಿ ವಾಪಸ್ ಬಂದ ದಾರಿ. ಭೂಮಿಯಲ್ಲಿ ಸಿಕ್ಕಿಬಿದ್ದ ಬೇರೆ ಗ್ರಹದ ಜೀವಿಯೊಂದನ್ನು ಮಕ್ಕಳು ಕಾಪಾಡುವ ಕಥೆ ‘ಇ.ಟಿ.’ ಬಂದಿದ್ದು 1982ರಲ್ಲಿ. ಇಪ್ಪತ್ತನೇ ವರ್ಷಕ್ಕೆ, 2002ರಲ್ಲಿ, ಮತ್ತೆ ಬಿಡುಗಡೆ ಮಾಡುವಾಗ ಅವರು ತಿದ್ದಿದರು. ಸೈಕಲ್ ಮೇಲೆ ಓಡಿಹೋಗುವ ಮಕ್ಕಳನ್ನು ತಡೆಯಲು ನಿಂತ ಸರ್ಕಾರದ ಜನರ ಕೈಯಲ್ಲಿ ಬಂದೂಕು ಇತ್ತು. ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸಿ ವಾಕಿಟಾಕಿ ಕೊಟ್ಟರು. ತಾಯಿ ಮಗನಿಗೆ ಬೈಯುವಾಗ ಬರುವ ‘ಟೆರರಿಸ್ಟ್’ ಎಂಬ ಪದ ‘ಹಿಪ್ಪಿ’ ಆಯಿತು. ಮಕ್ಕಳ ಮುಂದೆ ಬಂದೂಕು ಬೇಡ ಅನ್ನುವುದು ಒಳ್ಳೆಯ ಮನಸ್ಸೇ. ಆದರೆ ಆ ದೃಶ್ಯ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಂದೂಕು ಕಂಡಾಗ ನಮ್ಮ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದಲ್ಲ, ಅದಕ್ಕೇ ಸೈಕಲ್‌ಗಳು ನೆಲ ಬಿಟ್ಟು ಏಳುವಾಗ ಕಣ್ಣು ತುಂಬುವುದು. ವಾಕಿಟಾಕಿ ಹಿಡಿದವರಿಂದ ಯಾರೂ ಹಾರಿ ತಪ್ಪಿಸಿಕೊಳ್ಳಬೇಕಿಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದ್ದರು. 2002ರ ಡಿವಿಡಿಯಲ್ಲಿ ಹಳೆಯದು, ಹೊಸದು ಎರಡೂ ಇಟ್ಟಿದ್ದರು. 2012ರ ಬ್ಲೂರೇ ಹೊತ್ತಿಗೆ ಬಂದೂಕುಗಳು ವಾಪಸ್ ಬಂದವು. 2023ರಲ್ಲಿ ಸ್ಪೀಲ್‌ಬರ್ಗ್ ಸಭೆಯಲ್ಲೇ ಒಪ್ಪಿಕೊಂಡರು: ನಾನು ಹಾಗೆ ಮಾಡಬಾರದಿತ್ತು, ‘ಇ.ಟಿ.’ ಅದರ ಕಾಲದ ಕೂಸು, ಈಗಿನ ಕನ್ನಡಕ ಹಾಕಿಕೊಂಡು ಯಾವ ಸಿನಿಮಾವನ್ನೂ ತಿದ್ದಬಾರದು ಅಂತ. 76ರ ವಯಸ್ಸಿನಲ್ಲಿ, ಅಷ್ಟು ದೊಡ್ಡ ಹೆಸರಿನ ಮನುಷ್ಯ, ತಪ್ಪಾಯಿತು ಅಂತ ಹೇಳುವುದು ಸುಲಭ ಅಲ್ಲ. 35 ವರ್ಷದ ಹಿಂದೆ ಲ್ಯೂಕಾಸ್ ಜೊತೆಗೇ ಸಂಸತ್ತಿಗೆ ಹೋಗಿದ್ದವರು ಅವರು.

ಇದನ್ನೆಲ್ಲ ನಾನು ಓದಿದ್ದು, ಹುಡುಕಿದ್ದು ಒಂದು ಫೋನ್ ಬಂದ ಮೇಲೆ. ಟೈಲರ್ ಮಾವ 2016ರಲ್ಲೇ ತೀರಿಕೊಂಡಿದ್ದರು. ನಾನು ಹೊಸ ಪ್ರತಿ ಹಾಕಿ ಎರಡು ತಿಂಗಳಾಗಿತ್ತು. ಅವರ ಮಗಳು ಫೋನ್ ಮಾಡಿದಳು. ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ.

“ಅಣ್ಣಾ, ಅಪ್ಪಂದು ವಿಡಿಯೋ ಸಿಗ್ತಾ ಇಲ್ಲ.”

ಇದೆಯಲ್ಲಮ್ಮಾ, ಹೊಸದು ಹಾಕಿದ್ದೀನಿ, ಲಿಂಕ್ ಕಳಿಸ್ತೀನಿ ಅಂದೆ.

“ಅದು ನೋಡ್ದೆ ಅಣ್ಣಾ. ಚೆನ್ನಾಗಿದೆ. ಆದ್ರೆ ಅಪ್ಪ ಮಾತು ತಪ್ಪಿ ನಗೋ ಜಾಗ ಅದರಲ್ಲಿ ಇಲ್ಲ.”

ಅವಳು ಬೇಜಾರಿನಿಂದಲೂ ಹೇಳಲಿಲ್ಲ, ದೂರಲೂ ಇಲ್ಲ. ಕೇಳಿದಳು, ಅಷ್ಟೆ. ಯಾವಾಗಲಾದರೂ ಅದೊಂದು ಜಾಗ ಹಾಕಿಕೊಂಡು ನೋಡುತ್ತಿದ್ದಳಂತೆ. ಅವರ ಮನೆಯಲ್ಲಿ ಮಾವನ ಫೋಟೋಗಳಿವೆ. ನಗುವ ಫೋಟೋ ಒಂದೂ ಇಲ್ಲ. ಫೋಟೋ ತೆಗೆಸಿಕೊಳ್ಳುವಾಗ ಆ ಕಾಲದವರು ನಗುತ್ತಿರಲಿಲ್ಲ.

ಹಳೆಯ ಫೈಲ್ ಇದ್ದ ಹಾರ್ಡ್ ಡಿಸ್ಕ್ ಯಾವತ್ತೋ ಕೆಟ್ಟಿತ್ತು. ಯೂಟ್ಯೂಬ್‌ನಲ್ಲಿ ಅಳಿಸಿದ್ದು ವಾಪಸ್ ಬರುವುದಿಲ್ಲ. ಉಳಿದಿದ್ದು ಊರಿನ ಮನೆಯ ಅಟ್ಟದ ಮೇಲಿನ ಟೇಪುಗಳು. ಸಾಗರದ ಮಳೆಗಾಲ ಹದಿಮೂರು ಕಳೆದಿತ್ತು. ಡಬ್ಬಿ ತೆಗೆದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು. ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬರು ಹಳೆಯ ಕ್ಯಾಮೆರಾ ಇನ್ನೂ ಇಟ್ಟುಕೊಂಡಿದ್ದರು. ಟೇಪನ್ನು ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಕೈಯಿಂದಲೇ ಒರೆಸಿ, ಮತ್ತೆ ಸುತ್ತಿ ಹಾಕಿದರು. ಒಂದು ಸಲ ಓಡುತ್ತೆ, ಎರಡನೇ ಸಲಕ್ಕೆ ಗ್ಯಾರಂಟಿ ಇಲ್ಲ, ಓಡುವಾಗಲೇ ರೆಕಾರ್ಡ್ ಮಾಡ್ಕೊಳ್ಳಿ ಅಂದರು.

ಓಡಿತು. ಎರಡು ಕಡೆ ಚಿತ್ರ ಚೌಕ ಚೌಕವಾಗಿ ಒಡೆಯಿತು. ಆಮೇಲೆ ಸರಿಹೋಯಿತು. ಅರ್ಧ ಎಳೆದ ಬಾಗಿಲಿನಿಂದ ಬಿಸಿಲು ಬಿದ್ದಿದೆ. ಮಾವ ಕನ್ನಡಕ ಮೂಗಿನ ತುದಿಗಿಟ್ಟು ಗುಂಡಿ ಹಾಕುತ್ತಿದ್ದಾರೆ. ದಾರ ಹಲ್ಲಿನಿಂದ ಕಡಿಯುತ್ತಾರೆ. “ನೀನು ಬರೋ ಹೊತ್ತಿಗೆ ಈ ಅಂಗಿ ನಿಂಗೆ ದೊಡ್ಡದಾಗಿರುತ್ತೆ” ಅನ್ನುತ್ತಾರೆ. ನಿಲ್ಲಿಸುತ್ತಾರೆ. ತಲೆಯೆತ್ತಿ ನೇರ ಕ್ಯಾಮೆರಾ ನೋಡುತ್ತಾರೆ. ನಗು ಬರುತ್ತದೆ, ತಡೆಯಲು ನೋಡುತ್ತಾರೆ, ಆಗುವುದಿಲ್ಲ. “ಅಲ್ಲ ಅಲ್ಲ, ಸಣ್ಣದಾಗಿರುತ್ತೆ.”

ಕ್ಯಾಮೆರಾ ಹಿಂದಿನಿಂದ ಇನ್ನೊಂದು ನಗು ಕೇಳಿಸುತ್ತದೆ. ಎಳೆಯ ದನಿ. “ಪರವಾಗಿಲ್ಲ ಮಾವ, ಹಾಗೇ ಹೇಳಿ, ಟೇಪ್ ಓಡ್ತಾ ಇದೆ” ಅನ್ನುತ್ತದೆ. ಅದು ನಾನು. ಅದನ್ನೂ ಕತ್ತರಿಸಿ ತೆಗೆದಿದ್ದೆ.